ಅಪ್ಪನ ಕಣ್ಣಿನ ಹಾಸು, ಹೊಕ್ಕು

ಹೋದ ವರ್ಷ ಗಣೇಶನನ್ನು ಕಳಿಸಿಕೊಟ್ಟ ಮಾರನೇ ವಾರ, ಒಂದು ಬೆಳಿಗ್ಗೆ, ಅಪ್ಪ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಒಂದು ಚೌಕಳಿ ಟವೆಲನ್ನು ನೋಡುತ್ತಿದ್ದರು. ಮೊದಲು ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ಅದನ್ನು ಕಾಲು ಸುತ್ತು ತಿರುಗಿಸಿ ಅಡ್ಡ ಹಿಡಿದು ನೋಡಿದರು. ಮತ್ತೆ ನೆಟ್ಟಗೆ, ಮತ್ತೆ ಅಡ್ಡ.

"ರೀ, ಆ ಟವೆಲಿಗೆ ಪ್ರದಕ್ಷಿಣೆ ಹಾಕಿಸ್ತಿದೀರಾ?" ಎಂದು ಅಮ್ಮ ಒಳಗಿನಿಂದ ಕೇಳಿದಳು. ಅಪ್ಪ ನಕ್ಕು, ಟವೆಲನ್ನು ಮತ್ತೊಮ್ಮೆ ತಿರುಗಿಸಿದರು.

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಏನು ನೋಡುತ್ತಿದ್ದೀರಿ ಎಂದು ನಾನೂ ಕೇಳಬಹುದಿತ್ತು. ಕೇಳಲಿಲ್ಲ. ಕಾಲೇಜಿಗೆ ಹೊರಡುವ ಮೊದಲು ಡೈರಿಯಲ್ಲಿ ಹೀಗೆ ಬರೆದೆ: "ಅಪ್ಪ ಟವೆಲ್ ತಿರುಗಿಸುತ್ತಿದ್ದರು. ಏಳೆಂಟು ಸಲ. ಯಾಕೆ ತಿರುಗಿಸುತ್ತಿದ್ದೇನೆಂದು ತಮಗೇ ಮರೆತುಹೋದವರ ಹಾಗೆ."

ಈಗ ಆ ಪುಟವನ್ನು ಓದಿದರೆ ಮೂರನೆಯ ವಾಕ್ಯ ಚುಚ್ಚುತ್ತದೆ. ಮೊದಲೆರಡು ನಾನು ಕಂಡದ್ದು. ಮೂರನೆಯದನ್ನು ನಾನು ಕಂಡಿರಲಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಹುಡುಗ ಹುಡುಗಿಯರಿಗೆ ಇತಿಹಾಸ ಕಲಿಸುತ್ತ, ಸಾಕ್ಷಿ ಕಂಡದ್ದು ಬೇರೆ, ಸಾಕ್ಷಿಗೆ ಅನಿಸಿದ್ದು ಬೇರೆ ಎಂದು ಪ್ರತಿ ಜೂನ್‌ನಲ್ಲೂ ಬೋರ್ಡಿನ ಮೇಲೆ ಬರೆಯುವವಳು ನಾನು. ನನ್ನ ನೆನಪಿನ ಮೇಲೆ ನನಗೆ ಎಂದೂ ಭರವಸೆ ಇರಲಿಲ್ಲ, ಅದಕ್ಕೇ ಡೈರಿ. ಆದರೆ ಡೈರಿ ಬರೆಯುವ ಕೈಯನ್ನು ಅನುಮಾನಿಸಬೇಕು ಎಂಬುದು ನನಗೆ ಹೊಳೆದಿರಲಿಲ್ಲ.

ಅಪ್ಪನಿಗೆ ಎಂಬತ್ತೆರಡು. ಮೈಸೂರಿನ ಕಡೆಯಿಂದ ಬಂದು ಮುಂಬಯಿಯ ಪರೇಲಿನ ಒಂದು ಬಟ್ಟೆ ಮಿಲ್ಲಿನ ಡಿಸೈನ್ ಖಾತೆ ಸೇರಿದವರು. ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ಎಳೆ ಹಾಸು, ಅದನ್ನು ದಾಟುತ್ತ ಅಡ್ಡಕ್ಕೆ ಹೋಗುವ ಎಳೆ ಹೊಕ್ಕು. ಯಾವುದು ಎಲ್ಲಿ ಮೇಲೆ ಬರಬೇಕು, ಎಲ್ಲಿ ಕೆಳಗೆ ಮುಳುಗಬೇಕು ಎಂದು ಗ್ರಾಫ್ ಕಾಗದದ ಒಂದೊಂದು ಮನೆಯಲ್ಲಿ ಗುರುತು ಮಾಡುವುದು ಅವರ ಕೆಲಸ. ಕಿರುಬೆರಳಿನಷ್ಟು ಅಗಲದ ಅಂಚಿಗೆ ಮೂರು ದಿನ ಕೂರುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೆ, ನಾವು ಬೊರಿವಲಿಗೆ ಬಂದ ಮೇಲೆ, ಆ ಕಣ್ಣು ಮತ್ತು ಕೈಗಳಿಗೆ ಕೆಲಸ ಬೇಕಾಗಿ ರಫೂ ಮಾಡುವುದನ್ನು ಕಲಿತರು. ಬಿಲ್ಡಿಂಗಿನ ಹೆಂಗಸರು ಹರಿದ ಸೀರೆ ತಂದುಕೊಡುತ್ತಾರೆ. ಅಪ್ಪ ಅದೇ ಸೀರೆಯ ಸೆರಗಿನ ಮರೆಯಿಂದ ಒಂದೊಂದೇ ಎಳೆ ಹಿರಿದು ಹರಿದ ಜಾಗವನ್ನು ಮತ್ತೆ ನೇಯುತ್ತಾರೆ. ಎರಡು ದಿನದಲ್ಲಿ, ಎಲ್ಲಿ ಹರಿದಿತ್ತು ಎಂದು ಸೀರೆಯ ಯಜಮಾನಿಯೇ ಹುಡುಕಬೇಕು.

ಆ ಮಳೆಗಾಲದಲ್ಲಿ ಮೂರನೇ ಮಹಡಿಯವರ ಸೀರೆಯೊಂದು ಮೂರು ವಾರ ನಮ್ಮಲ್ಲೇ ಉಳಿಯಿತು. ಪೇಪರನ್ನು ಅಡ್ಡ ತಿರುಗಿಸಿ ಹಿಡಿಯುವುದನ್ನು, ಟಿವಿ ಮುಂದೆ ಕತ್ತನ್ನು ಹೆಗಲಿಗೆ ಒರಗಿಸಿ ಕೂರುವುದನ್ನು, ಎದುರಿಗೇ ಗಡಿಯಾರವಿದ್ದರೂ "ಗಂಟೆ ಎಷ್ಟು?" ಎಂದು ಅಮ್ಮನನ್ನು ಕೇಳುವುದನ್ನು ನಾನು ಒಂದೊಂದಾಗಿ ಬರೆದಿಟ್ಟೆ. ಅಮ್ಮನಿಗೂ ಹೇಳಿದೆ.

"ವಯಸ್ಸಾಯ್ತು ಕಣೇ, ಬಿಡು," ಎಂದಳು. ಯಾವುದನ್ನೂ ಹಾಗೆ ಬಿಡುವವಳಲ್ಲ ಅವಳು. ಅಷ್ಟು ಬೇಗ ಮಾತು ಮುಗಿಸಿದ್ದು ನನಗೆ ವಿಚಿತ್ರ ಅನಿಸಿತು. ಅದನ್ನೂ ಬರೆದೆನೋ ಇಲ್ಲವೋ. ಹುಡುಕಿದರೆ ಸಿಗುತ್ತಿಲ್ಲ.

ಪ್ರತಿ ತಿಂಗಳ ಮೊದಲ ಶನಿವಾರ ಅಪ್ಪ ಪರೇಲ್‌ಗೆ ಹೋಗುತ್ತಿದ್ದರು. ಅವರ ಖಾತೆಯ ಇಬ್ಬರು ಗೆಳೆಯರು, ಇಬ್ಬರೂ ಮರಾಠಿಯವರು, ಇನ್ನೂ ಅಲ್ಲೇ ಹತ್ತಿರದ ಚಾಳಿನಲ್ಲಿದ್ದಾರೆ. ಮೂವರೂ ಒಂದು ಪಾರ್ಕಿನ ಬೆಂಚಿನಲ್ಲಿ ಕೂತು, ಹಾದುಹೋಗುವವರ ಬಟ್ಟೆಯಲ್ಲಿ ತಪ್ಪು ಹುಡುಕುತ್ತಾರೆ. ಇದು ಅಪ್ಪನೇ ಹೇಳಿದ್ದು. "ಒಳ್ಳೇ ಬಟ್ಟೆ ಹಾಕ್ಕೊಂಡೋರು ಬಂದ್ರೆ ಮಾತೇ ಇಲ್ಲ ನಮಗೆ, ಬೇಜಾರು," ಎನ್ನುತ್ತಿದ್ದರು.

ಸೆಪ್ಟೆಂಬರಿನ ಶನಿವಾರ ಅವರು ಹಿಂದಿರುಗುವಾಗ ದಾದರ್‌ನಲ್ಲಿ ಅಂಧೇರಿಗೇ ಮುಗಿಯುವ ಲೋಕಲ್ ಹತ್ತಿ, ಎಲ್ಲರೂ ಇಳಿದ ಮೇಲೆ ಖಾಲಿ ಡಬ್ಬಿಯಲ್ಲಿ ಕೂತು ನನಗೆ ಫೋನ್ ಮಾಡಿದರು. ಅಕ್ಟೋಬರಿನಲ್ಲಿ ವಿರಾರ್ ಫಾಸ್ಟ್ ಹತ್ತಿದರು. ಆ ಹೊತ್ತಿನ ನೂಕುನುಗ್ಗಲಿನಲ್ಲಿ ಆ ಗಾಡಿಯಿಂದ ಬೊರಿವಲಿಯಲ್ಲಿ ಇಳಿಯುವುದು ಗಟ್ಟಿಮುಟ್ಟಾದವರಿಗೂ ಕಷ್ಟ. ಅಪ್ಪ ವಿರಾರ್‌ವರೆಗೆ ಹೋಗಿ ಅಲ್ಲಿಂದ ವಾಪಸು ಬಂದರು. ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು.

"ಅಪ್ಪಾ, ಇನ್ಮೇಲೆ ಒಬ್ಬರೇ ಹೋಗೋದು ಬೇಡ," ಎಂದೆ.

"ಯಾಕಮ್ಮಾ?"

"ಎರಡು ಸಲ ಆಯ್ತಲ್ಲ."

"ಎರಡು ಸಲಾನೂ ವಾಪಸ್ ಬಂದೆನಲ್ಲ."

"ಯಾರಾದ್ರೂ ಜೊತೆಗಿದ್ರೆ ಹೋಗಿ. ನನಗೆ ರಜೆ ಇದ್ದಾಗ ನಾನೇ ಬರ್ತೀನಿ."

"ನೀನು ಬಂದು ಏನ್ಮಾಡ್ತೀಯ? ಬೆಂಚಲ್ಲಿ ಮೂರೇ ಜನ ಹಿಡಿಯೋದು." ಅಷ್ಟು ಹೇಳಿ, ಆಯ್ತು ಎಂದರು. ಅಪ್ಪ ನನ್ನ ಮಾತನ್ನು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದೇ ನನಗೆ ಇನ್ನೊಂದು ಸಾಕ್ಷಿಯಾಯಿತು.

ನವೆಂಬರಿನ ಮೊದಲ ಶನಿವಾರ ಅವರು ಎಂದಿನಂತೆ ಬೇಗ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುರ್ಚಿಯಲ್ಲಿ ಕೂತರು. ಹತ್ತು ಗಂಟೆಗೆ ಗೆಳೆಯರಲ್ಲೊಬ್ಬರ ಫೋನ್ ಬಂತು. ಅಪ್ಪ ತಮ್ಮ ಮಿಲ್ಲಿನ ಹಿಂದಿಯಲ್ಲಿ, "ಘುಟನಾ ದುಖ್ತಾ ಹೈ ಯಾರ್, ಅಗಲೇ ಮಹೀನೇ," ಎಂದರು. ಮಂಡಿ ನೋವು, ಮುಂದಿನ ತಿಂಗಳು ಎಂದು. ಅವರ ಮಂಡಿಗೆ ಏನೂ ಆಗಿರಲಿಲ್ಲ. ಮಗಳು ಬಿಡುತ್ತಿಲ್ಲ ಎಂದು ಹೇಳಲಾರದೆ ಮಂಡಿಯ ಮೇಲೆ ಹಾಕಿದ್ದರು. ಡಿಸೆಂಬರಿನಲ್ಲೂ ಅದೇ ಮಂಡಿ. ಜನವರಿಯಲ್ಲಿ ಫೋನ್ ಬರಲಿಲ್ಲ. ಅಪ್ಪ ಹನ್ನೊಂದರವರೆಗೆ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಆಮೇಲೆ ಎದ್ದುಹೋಗಿ ಅಂಗಿ ಬದಲಿಸಿದರು.

ಆ ವಾರವೇ ನಾನು ಪರೇಲಿನ ಒಂದು ಆಸ್ಪತ್ರೆಯಲ್ಲಿ ನೆನಪಿನ ಶಕ್ತಿ ಪರೀಕ್ಷಿಸುವ ವಿಭಾಗಕ್ಕೆ ಅವರ ಹೆಸರು ಬರೆಸಿದೆ. ಮನೆಯಲ್ಲಿ ಜನರಲ್ ಚೆಕಪ್ ಎಂದೆ. ಸುಳ್ಳು ಹೇಳುವುದು ಅಪ್ಪನಿಗಿಂತ ನನಗೆ ಚೆನ್ನಾಗಿ ಬರುತ್ತದೆ.

ಪರೀಕ್ಷೆ ಮಾಡಿದವಳು ಮೂವತ್ತು ದಾಟದ ಹುಡುಗಿ. ಅಪ್ಪನನ್ನು ಕಾಕಾ ಎಂದು ಕರೆಯುತ್ತ ಹಿಂದಿಯಲ್ಲಿ ಮಾತಾಡಿದಳು. ನನ್ನನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಯಕೂಡದು ಎಂದಳು. ಅಪ್ಪ ವಾರ, ತಿಂಗಳು, ಊರು ಎಲ್ಲ ಸರಿಯಾಗಿ ಹೇಳಿದರು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದಾಗ, ಅವಳು ಸಾಕು ಎಂದರೂ ಕೊನೆಯ ಎರಡರವರೆಗೆ ಹೋಗಿಯೇ ನಿಂತರು. ತಿಂಗಳುಗಳನ್ನು ಹಿಂದಿನಿಂದ ಹೇಳಿ ಎಂದಾಗ ಇಂಗ್ಲಿಷಿನವು ಮುಗಿಸಿ, ಫಾಲ್ಗುಣ, ಮಾಘ, ಪುಷ್ಯ ಎಂದು ನಮ್ಮವನ್ನೂ ಶುರುಮಾಡಿದರು. ಕೊಟ್ಟಿದ್ದ ಐದು ಪದಗಳಲ್ಲಿ ಐದೂ ನೆನಪಿದ್ದವು. ಹಿಂದಿನ ಕುರ್ಚಿಯಲ್ಲಿ ಕೂತ ನಾನು ಮನಸ್ಸಿನಲ್ಲೇ ಹೇಳಿಕೊಂಡರೆ ನನಗೆ ನಾಲ್ಕೇ ಸಿಕ್ಕವು.

ಕೊನೆಗೆ ಒಂದು ಚಿತ್ರ ಕೊಟ್ಟು ಹಾಗೇ ಬರೆಯಿರಿ ಎಂದಳು. ಒಂದರ ಮೇಲೊಂದು ಕೂತ ಎರಡು ಆಕಾರಗಳು. ಅಪ್ಪ ಪೆನ್ಸಿಲ್ ತೆಗೆದುಕೊಂಡವರು ಹಾಳೆಯನ್ನು ಕಾಲು ಸುತ್ತು ತಿರುಗಿಸಿದರು. ಒಂದೆರಡು ಗೆರೆ ಎಳೆದು ಮತ್ತೆ ತಿರುಗಿಸಿದರು. ನೋಡು, ನಾನು ಹೇಳಿದ್ದು ಇದೇ, ಎಂದು ಒಳಗೇ ಅಂದುಕೊಂಡೆ.

ಹುಡುಗಿ ಕೇಳಿದಳು, "ಕಾಕಾ, ಕಾಗಜ್ ಕ್ಯೂಂ ಘುಮಾ ರಹೇ ಹೋ?"

ಹಾಳೆ ಯಾಕೆ ತಿರುಗಿಸುತ್ತಿದ್ದೀರಿ. ಇಷ್ಟೇ ಪ್ರಶ್ನೆ. ನಾಲ್ಕು ತಿಂಗಳಲ್ಲಿ ಮನೆಯ ಯಾರೂ ಅವರನ್ನು ಕೇಳಿರಲಿಲ್ಲ.

"ಖಡೀ ಲೈನ್ ಡಬಲ್ ದಿಖ್ತೀ ಹೈ," ಎಂದರು ಅಪ್ಪ. ನಿಂತ ಗೆರೆ ಎರಡೆರಡಾಗಿ ಕಾಣುತ್ತದೆ. ಮಲಗಿದ ಗೆರೆ ಸರಿಯಾಗಿದೆ. ಹಾಗಾಗಿ ನಿಂತದ್ದನ್ನು ಮಲಗಿಸಿ ನೋಡಿಕೊಳ್ಳುತ್ತೇನೆ. ಬಟ್ಟೆಯನ್ನೂ ಹೀಗೇ ನೋಡುವುದು: ಹಾಸು ಬೇಕಾದಾಗ ಹೀಗೆ, ಹೊಕ್ಕು ಬೇಕಾದಾಗ ಹಾಗೆ. ಹಾಳೆಯನ್ನು ತಿರುಗಿಸಿ ತಿರುಗಿಸಿ ತೋರಿಸಿದರು. ದನಿಯಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುವ ಉತ್ಸಾಹ.

ಹುಡುಗಿ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದಳು. "ಮ್ಯಾಡಮ್, ಇವರ ಕಣ್ಣು ಕೊನೇ ಸಲ ಯಾವಾಗ ತೋರಿಸಿದ್ದು?"

ಹನ್ನೊಂದು ವರ್ಷದ ಹಿಂದೆ ಎರಡೂ ಕಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿದ್ದೆವು. ಆರು ವರ್ಷದ ಹಿಂದೆ ಫ್ರೇಮು ಮುರಿದಾಗ ಅಂಗಡಿಯವನು ನಂಬರ್ ನೋಡಿ ಹೊಸ ಕನ್ನಡಕ ಕೊಟ್ಟಿದ್ದ. ಆಮೇಲೆ ಇಲ್ಲ. ಆಪರೇಷನ್ ಆದ ಕಣ್ಣು, ಒಳಗಿರುವುದು ಪ್ಲಾಸ್ಟಿಕ್, ಅದರಲ್ಲಿ ಇನ್ನೇನು ಬದಲಾಗುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಮೊದಲು ಕಣ್ಣು ತೋರಿಸಿ ಎಂದಳು ಅವಳು. ನೆನಪಿನ ಬಗ್ಗೆ, ಈಗ ಗಾಬರಿಪಡುವಂಥದ್ದು ಏನೂ ಕಾಣುತ್ತಿಲ್ಲ, ಒಂದು ವರ್ಷ ಬಿಟ್ಟು ಮತ್ತೆ ಬನ್ನಿ ಎಂದು ಬರೆದುಕೊಟ್ಟಳು. ಮುಂದೆಂದೂ ಮರೆವು ಬರುವುದಿಲ್ಲವೆಂದು ಯಾರೂ ಯಾರಿಗೂ ಬರೆದುಕೊಡುವುದಿಲ್ಲ.

ಹೊರಗೆ ಬಂದಾಗ ಅಪ್ಪ ಕೇಳಿದರು. "ಇದು ಜನರಲ್ ಚೆಕಪ್ ಅಲ್ಲ, ಅಲ್ವಾ?"

"ಅಲ್ಲ."

"ನೂರರಲ್ಲಿ ಏಳು ಕಳೀರಿ ಅಂದಾಗಲೇ ಗೊತ್ತಾಯ್ತು." ಸ್ವಲ್ಪ ದೂರ ನಡೆದರು. "ನನ್ನೇ ಕೇಳಬಹುದಿತ್ತಲ್ಲ ಪುಟ್ಟೀ."

ನನಗೆ ಐವತ್ತನಾಲ್ಕು. ಅಪ್ಪ ನನ್ನನ್ನು ಪುಟ್ಟೀ ಎಂದು ಕರೆದು ಬಹಳ ವರ್ಷವಾಗಿತ್ತು. ಆ ಮಾತಿನಲ್ಲಿ ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಣ್ಣಿನ ಡಾಕ್ಟರ ಹತ್ತಿರ ಬೊರಿವಲಿಯಲ್ಲೇ ಹೋದೆವು. ಉಡುಪಿ ಕಡೆಯ ಹೆಂಗಸು, ಸ್ಟೇಷನ್ ಹತ್ತಿರ ಸಣ್ಣ ಕ್ಲಿನಿಕ್. ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು. ಆಟೋದಲ್ಲಿ ಅಪ್ಪ ತಮ್ಮ ಹಳೆಯ ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡು ಕೂತಿದ್ದರು. ನಾನು ನನ್ನ ಪಾಲಿನ ಯೋಚನೆಯಲ್ಲಿದ್ದೆ. ಎರಡು ದಿನದಿಂದ ನನಗೊಂದು ದೃಶ್ಯ ಕಣ್ಣಮುಂದೆ ಬರುತ್ತಿತ್ತು: ಹನ್ನೊಂದು ವರ್ಷದ ಹಿಂದೆ, ಪರೇಲಿನ ಆಸ್ಪತ್ರೆಯಲ್ಲಿ, ಆಪರೇಷನ್ನಿಗೆ ಮುಂಚೆ, ಅಲ್ಲಿನ ಡಾಕ್ಟರು ನನ್ನನ್ನು ಕೇಳುತ್ತಾರೆ. ನಿಮ್ಮ ತಂದೆಗೆ ಸ್ವಲ್ಪ ಸಿಲಿಂಡರ್ ನಂಬರ್ ಇದೆ, ಅಂದರೆ ಒಂದು ದಿಕ್ಕಿನ ಗೆರೆ ಮಸುಕು, ಅದನ್ನೂ ಸರಿಮಾಡುವ ಬೇರೆ ಥರದ ಲೆನ್ಸ್ ಇದೆ, ಹಾಕೋಣವೇ? ನಾನು ಗಡಿಯಾರ ನೋಡುತ್ತೇನೆ. ಸಾದಾ ಲೆನ್ಸೇ ಸಾಕು ಎನ್ನುತ್ತೇನೆ. ಗೋಡೆ ತಿಳಿಹಸಿರು, ಡಾಕ್ಟರ ಕೈಯಲ್ಲಿ ನೀಲಿ ಪೆನ್ನು. ಅಷ್ಟು ಸ್ಪಷ್ಟ.

ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಕಣ್ಣಿಗೆ ಔಷಧಿ ಬಿಟ್ಟು ಒಳಗಿನವರೆಗೂ ಪರೀಕ್ಷೆ ಮಾಡಿದರು. ಪರದೆ, ಒತ್ತಡ, ಹಾಕಿದ ಲೆನ್ಸು ಎಲ್ಲ ಚೆಂದ ಉಂಟು ಎಂದರು. ಆಮೇಲೆ ಬೇರೆ ಬೇರೆ ಗಾಜು ಹಾಕಿ ತಿರುಗಿಸುತ್ತ, "ಈಗ ಹೇಗೆ ಕಾಣ್ತದೆ?" ಎಂದು ಕೇಳಿದರು.

"ಹಾಸು ಬಂತು," ಎಂದರು ಅಪ್ಪ. "ಇನ್ನೊಂದು ಚೂರು ತಿರುಗ್ಸಿ. ಹಾಂ. ಈಗ ಎರಡೂ ಸಮ."

"ಎಂತ ಮಾರಾಯ್ರೆ, ನೀವೇ ಮಿಷಿನಿಗಿಂತ ಸಮ ಹೇಳ್ತೀರಿ." ಡಾಕ್ಟರಮ್ಮ ನಕ್ಕು ನಮ್ಮ ಕಡೆ ತಿರುಗಿದರು. "ಸಿಲಿಂಡರ್ ನಂಬರ್ ಬಂದಿದೆ, ಎರಡು ಕಣ್ಣಿಗೂ. ತುಂಬ ಅಲ್ಲ. ಬೇರೆ ಯಾರಾದ್ರೂ ಆದ್ರೆ ಅಷ್ಟೇನು ಗೊತ್ತಾಗ್ಲಿಕ್ಕಿಲ್ಲ. ನೂಲು ಎಣಿಸುವವರಿಗೆ ಗೊತ್ತಾಗ್ತದೆ. ಮತ್ತೆ ಸ್ಟೇಷನಿನ ಆ ಕೆಂಪು ದೀಪದ ಅಕ್ಷರ ಉಂಟಲ್ಲ, ಅದು ಎಲ್ಲ ಒಂದಕ್ಕೊಂದು ಅಂಟಿದ ಹಾಗೆ ಕಾಣ್ತದೆ."

ಆಗ ಅಮ್ಮ ಬಾಯಿ ಬಿಟ್ಟಳು. "ಡಾಕ್ಟ್ರೇ, ತಪ್ಪು ನಂದು."

ನಾನು, ಅಪ್ಪ ಇಬ್ಬರೂ ಅವಳನ್ನು ನೋಡಿದೆವು. ಅಪ್ಪನ ಮುಖದಲ್ಲಿ ಮಾತ್ರ ಆಶ್ಚರ್ಯವಿರಲಿಲ್ಲ.

"ಸುಮ್ನಿರೇ," ಎಂದರು.

"ಇಲ್ಲ ರೀ, ಹೇಳಿಬಿಡ್ತೀನಿ. ಇವರಿಗೆ ಮೊದಲನೇ ಕಣ್ಣಿನ ಆಪರೇಷನ್ ಆಗಿ ಎಂಟು ದಿನಕ್ಕೆ ನರಕ ಚತುರ್ದಶಿ ಬಂತು. ತಲೆಗೆ ನೀರು ಹಾಕ್ಕೋಬಾರ್ದು ಅಂದಿದ್ರು. ನಾನೇ, ವರ್ಷಕ್ಕೊಂದು ದಿನ, ಶಾಸ್ತ್ರಕ್ಕೆ ಅಂತ ನೆತ್ತಿಗೆ ಎಣ್ಣೆ ಒತ್ತಿ, ಎರಡು ಚೊಂಬು ಬಿಸಿನೀರು ಹಾಕಿಬಿಟ್ಟೆ. ಸೀಗೆಪುಡೀನೂ. ಕಣ್ಣು ಉರೀತಿದೆ ಅಂದ್ರು. ಉಜ್ಜಿದ್ರು ಕೂಡ. ಆ ಲೆನ್ಸು ಅವತ್ತೇ ಒಳಗೆ ತಿರುಗಿಕೊಂಡಿರ್ಬೇಕು. ಇವಳಿಗೆ ಹೇಳಿದ್ರೆ ನಮ್ಮನ್ನ ಸುಮ್ನೆ ಬಿಡ್ತಿದ್ಲಾ?"

ಹನ್ನೊಂದು ವರ್ಷ ಇಬ್ಬರೂ ಇದನ್ನು ನನ್ನಿಂದ ಮುಚ್ಚಿಟ್ಟಿದ್ದರು. ನಿಂತ ಗೆರೆ ಎರಡಾಗಿ ಕಾಣಲು ಶುರುವಾದಾಗ, ಮೊದಲು ಅಪ್ಪ ಬಟ್ಟೆಯನ್ನೇ ಬೈದರಂತೆ. ಈಗಿನ ಮಗ್ಗದವರು ಹಾಸನ್ನು ಬಿಗಿಯಾಗಿ ಎಳೆಯುವುದಿಲ್ಲ, ಅದಕ್ಕೇ ಎಳೆ ಹೊರಳುತ್ತದೆ ಎಂದು. ಆ ಬೆಳಿಗ್ಗೆ ಬಾಲ್ಕನಿಯಲ್ಲಿ ಟವೆಲ್ ತಿರುಗಿಸಿದಾಗ ತಪ್ಪು ಟವೆಲಿನ ಜೊತೆ ತಿರುಗಲಿಲ್ಲ. ಬಟ್ಟೆ ಹೇಗೆ ಹಿಡಿದರೂ ನಿಂತ ಎಳೆಯೇ ಕೆಟ್ಟಿತ್ತು. ಹಾಗಾದರೆ ದೋಷ ಕಣ್ಣಿನದು ಎಂದು ಅವರಿಗೆ ಅಲ್ಲೇ ಗೊತ್ತಾಯಿತು. ನಾನು ಮರೆವು ಎಂದು ಬರೆದುಕೊಂಡ ಆ ಕೆಲವು ನಿಮಿಷಗಳಲ್ಲಿ ಅಪ್ಪ ತಮ್ಮ ಕಣ್ಣನ್ನು ತಾವೇ ಪರೀಕ್ಷೆ ಮಾಡಿ ಮುಗಿಸಿದ್ದರು. ಲೆನ್ಸ್ ತಿರುಗಿದೆ, ಹೇಳಿದರೆ ಎಣ್ಣೆಸ್ನಾನದ ವಿಷಯ ಹೊರಬರುತ್ತದೆ, ಹೆಂಡತಿ ನೊಂದುಕೊಳ್ಳುತ್ತಾಳೆ ಎಂದು ಸುಮ್ಮನಿದ್ದರು. ಅಮ್ಮನೋ, ತನ್ನ ಎರಡು ಚೊಂಬು ನೀರಿಗಿಂತ ವಯಸ್ಸಿನ ಮರೆವೇ ಮೇಲು ಎಂದು ನನ್ನ ಮಾತಿಗೆ ತಲೆಯಾಡಿಸಿದ್ದಳು.

ಡಾಕ್ಟರಮ್ಮ ನಗು ತಡೆಯಲು ಕನ್ನಡಕ ತೆಗೆದು ಒರೆಸಿದರು. "ಅಮ್ಮ, ಇಲ್ಲಿ ಕೇಳಿ. ಎಂಟು ದಿನಕ್ಕೆ ಎಣ್ಣೆಸ್ನಾನ ಮಾಡಿಸಿದ್ದು ತಪ್ಪೇ. ನಾನು ಇದ್ದಿದ್ರೆ ಬೈತಿದ್ದೆ. ಕಣ್ಣಿಗೆ ಕೀವು ಆಗಿದ್ರೆ ಗ್ರಾಚಾರ. ಆಗ್ಲಿಲ್ಲ, ಪುಣ್ಯ. ಆದ್ರೆ ಇದಕ್ಕೂ ಅದಕ್ಕೂ ಎಂತ ಸಂಬಂಧ ಇಲ್ಲ. ಲೆನ್ಸು ಇಟ್ಟಲ್ಲೇ ಉಂಟು. ಅದು ಸುತ್ತಲೂ ಒಂದೇ ಪವರಿನ ಸಾದಾ ಲೆನ್ಸು, ತಿರುಗಿದ್ರೂ ಏನೂ ವ್ಯತ್ಯಾಸ ಇಲ್ಲ."

"ಮತ್ತೆ?"

"ಬದಲಾದದ್ದು ಮುಂದಿನ ಗಾಜು. ಕಣ್ಣಿನ ಮೇಲಿನ ಕಪ್ಪುಗುಡ್ಡೆಯ ಮುಂದೆ ಉಂಟಲ್ಲ, ಕಾರ್ನಿಯಾ. ಅದು ಸರಿ ಚೆಂಡಿನ ಹಾಗೆ ಯಾರಿಗೂ ಇರುವುದಿಲ್ಲ. ಚಿಕ್ಕ ಪ್ರಾಯದಲ್ಲಿ ಹೆಚ್ಚಿನವರಿಗೆ ಮೇಲೆ ಕೆಳಗೆ ಸ್ವಲ್ಪ ಜಾಸ್ತಿ ಬಾಗಿರ್ತದೆ. ಪ್ರಾಯ ಆಗ್ತಾ ಆಗ್ತಾ ಆ ಬಾಗು ಮೆಲ್ಲ ಅಡ್ಡಕ್ಕೆ ಬರ್ತದೆ. ಆಪರೇಷನಿನ ಗಾಯದಿಂದ ಆಗುವ ಬದಲಾವಣೆ ಸಣ್ಣದು, ಕೆಲವು ತಿಂಗಳಲ್ಲಿ ನಿಲ್ತದೆ. ಇದು ನಿಲ್ಲುವುದಿಲ್ಲ. ಆಪರೇಷನ್ ಮಾಡಿಸದೆ ಕೂತವರಿಗೂ ಆಗ್ತದೆ. ನಿಮಗೂ ಆಗಿರ್ತದೆ, ನನಗೂ ಆಗ್ತಾ ಉಂಟು."

ನನ್ನ ಸರದಿ ಬಂತು. "ಡಾಕ್ಟ್ರೇ, ಅವತ್ತೇ ಆ ಬೇರೆ ಥರದ ಲೆನ್ಸ್ ಹಾಕಿಸಿದ್ರೆ ಇದು ಆಗ್ತಿರ್ಲಿಲ್ವಾ? ನಾನೇ ಬೇಡ ಅಂದೆ."

ಡಾಕ್ಟರಮ್ಮ ಉತ್ತರ ಕೊಡುವ ಮೊದಲೇ ಅಪ್ಪ ನನ್ನ ಕಡೆ ತಿರುಗಿದರು. "ನೀನು ಯಾವಾಗ ಅಂದೆ?"

"ಅವತ್ತು, ಡಾಕ್ಟರ ರೂಮಲ್ಲಿ. ನನ್ನ ಕೇಳಿದ್ರಲ್ಲ."

"ನೀನು ಅವತ್ತು ಬಂದೇ ಇರ್ಲಿಲ್ವಲ್ಲ. ಪರೀಕ್ಷೆ ಪೇಪರ್ ತಿದ್ದೋಕೆ ಹೋಗಿದ್ದೆ. ನಾನು, ನಿಮ್ಮಮ್ಮ, ಇಬ್ಬರೇ ಹೋಗಿದ್ವಿ. ಲೆನ್ಸ್ ಮಾತು ನನ್ನ ಹತ್ರಾನೇ ಆಡಿದ್ದು. ಹಾಸು ಚೆನ್ನಾಗೇ ಕಾಣುತ್ತೆ, ಹೊಕ್ಕು ಒಂಚೂರು ಉಣ್ಣೆ ಉಣ್ಣೆ, ಅದರ ಅಭ್ಯಾಸ ನನಗಿದೆ, ಇರಲಿ ಬಿಡಿ ಅಂದೆ. ಅವರು ನಕ್ಕರು."

"ಅದೇ ಒಳ್ಳೇದಾಯ್ತು," ಎಂದರು ಡಾಕ್ಟರಮ್ಮ. ಅಪ್ಪನ ಫೈಲಿನಿಂದ ಮೂರು ಹಳೆಯ ಚೀಟಿ ತೆಗೆದು ಸಾಲಾಗಿ ಇಟ್ಟಿದ್ದರು. "ನೋಡಿ, ಆಪರೇಷನ್ ಆದ ಮೇಲೆ ಬಲಗಣ್ಣಿನದು, ಎಡಗಣ್ಣಿನದು. ಆಗ ಆ ಮೇಲೆ ಕೆಳಗಿನ ಹಳೇ ಬಾಗು ಸ್ವಲ್ಪ ಉಳಿದಿತ್ತು. ಆವತ್ತೇ ಪೂರ್ತಿ ಸರಿಮಾಡಿದ್ರೆ ಇವತ್ತು ಈ ಅಡ್ಡ ಕಡೆಗೆ ಇನ್ನೂ ಜಾಸ್ತಿ ಆಗ್ತಿತ್ತು. ಮತ್ತೆ ಇದು ಆರು ವರ್ಷದ ಹಿಂದಿನ ಕನ್ನಡಕದ ಅಂಗಡಿಯದ್ದು. ಇದರಲ್ಲಿ ಸಿಲಿಂಡರ್ ಸೊನ್ನೆ. ಆ ಕಡೆಯಿಂದ ಈ ಕಡೆಗೆ ಹೋಗುವಾಗ ದಾರಿಯಲ್ಲಿ ನಿಮ್ಮ ಕಣ್ಣು ಸ್ವಲ್ಪ ಸಮಯ ಸರಿಯಾಗಿ ಚೆಂಡಿನ ಹಾಗೆ ಉರುಟಾಗಿತ್ತು."

ಮನೆಗೆ ಬಂದವಳೇ ಹಳೆಯ ಡೈರಿ ತೆಗೆದೆ. ಫೈಲಿನಲ್ಲಿದ್ದ, ಆಪರೇಷನ್ನಿಗೆ ಮುಂಚಿನ ಚೀಟಿಯ ತಾರೀಖಿನ ಪುಟದಲ್ಲಿ ನನ್ನದೇ ಕೈಬರಹ: "ಇಡೀ ದಿನ ವ್ಯಾಲ್ಯುಯೇಷನ್. ಅಪ್ಪ ಅಮ್ಮ ಪರೇಲ್‌ಗೆ ಹೋಗಿಬಂದರು." ಅಷ್ಟೇ. ತಿಳಿಹಸಿರು ಗೋಡೆಯೂ ಇಲ್ಲ, ನೀಲಿ ಪೆನ್ನೂ ಇಲ್ಲ. ಹಾಗಾದರೆ ಆ ಕೋಣೆಯನ್ನು ಕಟ್ಟಿದವರು ಯಾರು? ಅಲ್ಲಿರದೇ ಹೋದೆ ಎನ್ನುವುದಕ್ಕಿಂತ, ಅಲ್ಲಿದ್ದು ತಪ್ಪು ಮಾಡಿದೆ ಎಂದುಕೊಳ್ಳುವುದು ನನಗೆ ಹಗುರವಾಗಿತ್ತೇನೋ. ಗೊತ್ತಿಲ್ಲ. ಅಪ್ಪನ ನೆನಪನ್ನು ಪರೀಕ್ಷೆಗೆ ಕಳಿಸಿದವಳ ತಲೆಯಲ್ಲಿ ನಡೆದೇ ಇಲ್ಲದ ಒಂದು ಮಧ್ಯಾಹ್ನ ಬಣ್ಣ ಸಮೇತ ಕೂತಿತ್ತು.

ಆ ಸೊನ್ನೆಯ ಚೀಟಿಯ ಕಾಲವನ್ನೂ ಹುಡುಕಿದೆ. ಹಾಸು ಹೊಕ್ಕು ಎರಡೂ ಅಪ್ಪನಿಗೆ ಸಮನಾಗಿ ಕಂಡ ತಿಂಗಳುಗಳು ಯಾವುವು ಎಂದು ನೋಡಬೇಕಿತ್ತು. ಪುಟಗಳ ತುಂಬ ಕಾಲೇಜಿನ ಜಗಳ, ನೀರಿನ ಟ್ಯಾಂಕರ್, ನನ್ನ ಸೊಂಟನೋವು. ಅಪ್ಪನ ಹೆಸರೇ ಅಪರೂಪ. ಚೆನ್ನಾಗಿದ್ದವರ ಬಗ್ಗೆ ನಾನು ಬರೆಯುವುದಿಲ್ಲ ಎಂದು ಅವತ್ತು ಕಂಡುಕೊಂಡೆ. ಅಪ್ಪನನ್ನು ಕೇಳಿದೆ. ಒಂದು ಕ್ಷಣವೂ ಯೋಚಿಸದೆ, "ನಿಮ್ಮಮ್ಮನ ಧಾರೆ ಸೀರೆ ರಫೂ ಮಾಡಿದ ವರ್ಷ," ಎಂದರು. ಅಮ್ಮ ಬೀರುವಿನಿಂದ ಸೀರೆ ತಂದು ನನ್ನ ಮಡಿಲಿಗೆ ಹಾಕಿದಳು. ಸೆರಗಿನಿಂದ ಅಂಚಿನವರೆಗೆ ಎಲ್ಲ ಹುಡುಕಿದೆ, ಹರಿದ ಜಾಗ ಸಿಗಲಿಲ್ಲ.

"ಎಲ್ಲಿ?" ಎಂದು ಕೇಳಿದೆ.

"ಸಿಕ್ಕಿದ್ರೆ ಅದು ರಫೂನೇ?" ಎಂದರು ಅಪ್ಪ.

ಹೊಸ ಕನ್ನಡಕ ಬಂದ ಮೊದಲ ದಿನಗಳಲ್ಲಿ ಬಾಗಿಲ ಚೌಕಟ್ಟುಗಳು ವಾಲಿದಂತೆ, ನೆಲ ಒಂದು ಕಡೆಗೆ ಇಳಿಜಾರಾದಂತೆ ಕಂಡು ಅಪ್ಪ ಗೋಡೆ ಹಿಡಿದು ನಡೆದರು. ಒಂದು ವಾರ ಹಾಕಿಕೊಂಡೇ ಇರಿ, ಮೆದುಳು ಹೊಂದಿಕೊಳ್ಳುತ್ತದೆ ಎಂದಿದ್ದರು ಡಾಕ್ಟರಮ್ಮ. ಹೊಂದಿಕೊಂಡಿತು. ಮೂರನೇ ಮಹಡಿಯವರ ಇನ್ನೊಂದು ಸೀರೆ ಎರಡೇ ದಿನದಲ್ಲಿ ರಫೂ ಮುಗಿದು ಅವರ ಮನೆ ಸೇರಿತು.

ಫೆಬ್ರವರಿಯ ಮೊದಲ ಶನಿವಾರದ ಹಿಂದಿನ ದಿನ ಅಪ್ಪ ಗೆಳೆಯರಿಗೆ ತಾವೇ ಫೋನ್ ಮಾಡಿ ಮಂಡಿ ಗುಣವಾಯಿತು ಎಂದರು. ಬೆಳಿಗ್ಗೆ ನಾನೂ ಚಪ್ಪಲಿ ಮೆಟ್ಟಿ ನಿಂತೆ.

"ಪರೇಲ್‌ವರೆಗಾ?" ಎಂದರು.

"ಸ್ಟೇಷನ್‌ವರೆಗೆ."

ಪ್ಲಾಟ್‌ಫಾರ್ಮಿನಲ್ಲಿ ನಾನು ಇಂಡಿಕೇಟರಿನ ಕಡೆ ನೋಡದೆ ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಅವರು ಕತ್ತು ವಾಲಿಸಲಿಲ್ಲ. "ಚರ್ಚ್‌ಗೇಟ್ ಸ್ಲೋ, ಎರಡು ನಿಮಿಷ. ಇದರಲ್ಲಿ ಸೀಟು ಸಿಗುತ್ತೆ," ಎಂದರು. ಗಾಡಿ ಬಂತು. ಬೊರಿವಲಿಯಿಂದಲೇ ಹೊರಡುವ ಗಾಡಿ, ನಿಧಾನವಾಗಿ ಹತ್ತಿದರು. ಕಿಟಕಿಯಲ್ಲಿ ಕಾಣಿಸಿಕೊಂಡು, ಹೋಗು ಎಂದು ಕೈ ಮಾಡಿದರು. ಗಾಡಿ ಹತ್ತಿಬಿಡಬೇಕೆಂದು ಕಾಲು ಒಂದು ಹೆಜ್ಜೆ ಮುಂದಿಟ್ಟಿತು. ನಾನು ಅದನ್ನು ಹಿಂದಕ್ಕೆ ತೆಗೆದುಕೊಂಡೆ.

ಆ ದಿನ ನಾನು ಅವರಿಗೆ ಫೋನ್ ಮಾಡಲಿಲ್ಲ. ಐದೂವರೆಗೆ ಬರಬೇಕಾದವರು ಆರೂಮುಕ್ಕಾಲಾದರೂ ಬರಲಿಲ್ಲ. ಅಮ್ಮ ಎರಡು ಸಲ ಬಾಗಿಲವರೆಗೆ ಹೋಗಿಬಂದಳು. ನಾನು ಡೈರಿ ತೆರೆದು ಪೆನ್ನಿನ ಮುಚ್ಚಳ ತೆಗೆದೆ. "ಅಪ್ಪ ಇನ್ನೂ" ಎಂದು ಬರೆದವಳು ಅಲ್ಲಿಗೇ ನಿಲ್ಲಿಸಿ ಮುಚ್ಚಳ ಹಾಕಿದೆ.

ಏಳಕ್ಕೆ ಬೆಲ್ ಆಯಿತು. ಅಂಗಿಯ ಗುಂಡಿಗಳೆಲ್ಲ ಇದ್ದವು.

"ಯಾಕಪ್ಪಾ ತಡ ಆಯ್ತು?" ಎಂದು ಕೇಳಿದೆ.

ಅಪ್ಪ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮೂರು ತಿಂಗಳ ಮಾತು ಬಾಕಿ ಇತ್ತು. ಆಮೇಲೆ ದಾದರಲ್ಲಿ ಇಳಿದು ಒಂದು ಮಸಾಲೆ ದೋಸೆ ತಿಂದೆ. ನಿಮ್ಮಮ್ಮಂಗೆ ಹೇಳ್ಬೇಡ, ಉಪ್ಪಿಟ್ಟು ಮಾಡಿಟ್ಟಿರ್ತಾಳೆ."

"ಕಿವಿಗೆ ಯಾವ ಆಪರೇಷನ್ನೂ ಆಗಿಲ್ಲ ನನಗೆ," ಎಂದಳು ಅಮ್ಮ ಒಳಗಿನಿಂದ. "ಕೈಕಾಲು ತೊಳ್ಕೊಂಡು ಬನ್ನಿ. ಅರ್ಧ ತಿನ್ನಿ ಸಾಕು."